ಗಿರ್ರನೆ ತಿರುಗಿದ ಸೂರು

ಒಂದು ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೆ, ಅಷ್ಟೆ. ಸೂರೆಲ್ಲ ಗಿರ್ರನೆ ತಿರುಗಿತು. "ಪಿತ್ತ ಕಣೇ, ಜೀರಿಗೆ ಕಷಾಯ ಕುಡಿ" ಎಂದರು ಅತ್ತೆ. ನನಗೋ ಒಲೆಯ ಮುಂದೆ ನಿಲ್ಲಲೂ ಭಯ.

ಒಳಗಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿವೆ ಎಂದ ಕಿವಿ ಡಾಕ್ಟರು ಬರೆದುಕೊಟ್ಟದ್ದು ವ್ಯಾಯಾಮ. ಮಂಚದ ಅಂಚಿನಲ್ಲಿ ಕೂತು, ಮುಖವನ್ನು ಎಡಕ್ಕೆ ಹೊರಳಿಸಿ ಬಲಮಗ್ಗುಲಿಗೆ ಒರಗಬೇಕು. ಅರ್ಧ ನಿಮಿಷದ ನಂತರ ಎದ್ದು ಕೂತು ಅರ್ಧ ನಿಮಿಷ. ಆಮೇಲೆ ಇನ್ನೊಂದು ಮಗ್ಗುಲು.

ಇದರ ಹಿಂದೆ ದೊಡ್ಡ ಕಥೆಯೇ ಇದೆ. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ, ತಲೆಸುತ್ತಿನ ರೋಗಿಗಳನ್ನು ಮಲಗಿಸಿಡದೆ ಕಣ್ಣು, ಕುತ್ತಿಗೆ ಆಡಿಸಿದರು, ಚೆಂಡು ಎಸೆಸಿದರು, ನಡೆಸಿದರು. ಸುತ್ತು ಬರಿಸುವ ಚಲನೆಯಿಂದಲೇ ಮಿದುಳು ಪಳಗಬೇಕು ಎಂಬುದು ಅವರ ತತ್ವ. ನನ್ನ ವ್ಯಾಯಾಮ 1980ರಲ್ಲಿ ಬ್ರಾಂಟ್ ಮತ್ತು ಡ್ಯಾರಾಫ್ ಪ್ರಕಟಿಸಿದ್ದು. ಅಮೆರಿಕದ ಎಪ್ಲಿ 1992ರಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನ ಸೇರಿಸುವ ಉಪಾಯ ಬರೆದರು; ಈಗ ವೈದ್ಯರು ಹೆಚ್ಚಾಗಿ ಮೊದಲು ಮಾಡುವುದು ಅದನ್ನೇ.

ಮಾತು ತೊದಲಿದರೆ, ಕೈಕಾಲು ಸೋತರೆ ಮಾತ್ರ ವ್ಯಾಯಾಮವಲ್ಲ, ತಕ್ಷಣ ಆಸ್ಪತ್ರೆ.

ಮೊದಲ ದಿನ ಹೆದರಿ ಅತ್ತೆ. ಕಷಾಯ ಕಾಸಿದ ಅತ್ತೆಯೇ ಪಕ್ಕದಲ್ಲಿ ಕೂತು, ಗಡಿಯಾರ ನೋಡುತ್ತ ಅರ್ಧರ್ಧ ನಿಮಿಷ ಎಣಿಸಿದರು. ಎರಡು ವಾರದ ಮೇಲೆ ಅಟ್ಟದ ಉಪ್ಪಿನಕಾಯಿ ಭರಣಿಯನ್ನು ನಾನೇ ಇಳಿಸಿದೆ.