ಆಶ್ರಯವೆಂಬ ಮೂರನೆಯ ದಾಸೋಹ



ಬಸವಾದಿ ಶರಣರು ಈ ನಾಡಿಗೆ ಕೊಟ್ಟ ತತ್ತ್ವಗಳಲ್ಲಿ ಕಾಯಕ ಮತ್ತು ದಾಸೋಹಗಳು ಮುಖ್ಯವಾದವು. ದಾಸೋಹವೆಂದೊಡನೆ ಸಾಮಾನ್ಯವಾಗಿ ಅನ್ನದ ನೆನಪಾಗುತ್ತದೆ. ಆದರೆ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳನ್ನು ಭಕ್ತರು 'ತ್ರಿವಿಧ ದಾಸೋಹಿ' ಎಂದು ಕರೆದರು. ಅನ್ನ, ಅಕ್ಷರ, ಆಶ್ರಯ ಎಂಬುವೇ ಆ ಮೂರು. ಇವುಗಳಲ್ಲಿ ಅನ್ನವನ್ನು ಪಂಕ್ತಿಯಲ್ಲಿ ಎಣಿಸಬಹುದು, ಅಕ್ಷರವನ್ನು ಪರೀಕ್ಷೆಯಲ್ಲಿ ಅಳೆಯಬಹುದು. ಆಶ್ರಯವನ್ನು ಹಾಗೆ ಎಣಿಸಲೂ ಬಾರದು, ಅಳೆಯಲೂ ಬಾರದು. ತಾಯಿಯನ್ನು ಬಿಟ್ಟು ಬಂದ ಏಳೆಂಟು ವರ್ಷದ ಮಗುವಿಗೆ ದೀಪವಾರಿದ ಮೇಲೆ ಬೇಕಾಗುವುದು ಈ ಮೂರನೆಯ ದಾಸೋಹವೇ. ಎಳೆಯ ಮಕ್ಕಳ ವಿದ್ಯಾರ್ಥಿ ನಿಲಯವೊಂದರ ನಿಜವಾದ ಪರೀಕ್ಷೆಯೂ ಅಲ್ಲಿಯೇ ನಡೆಯುತ್ತದೆ.

ವೀರಾಪುರದ ಬಾಲಕ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಕಲ್ಲುಬಂಡೆಗಳ, ರಾಗಿ ಹೊಲಗಳ, ರೇಷ್ಮೆಗೂಡಿನ ಸೀಮೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಬಂದಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಹದಿಮೂರು ಮಕ್ಕಳಲ್ಲಿ ಕಿರಿಯವರಾಗಿ ಜನಿಸಿದವರು ಶಿವಣ್ಣ. ಬಾಲಕನಿಗೆ ಎಂಟು ವರ್ಷವಾದಾಗ ತಾಯಿ ತೀರಿಕೊಂಡರು. ಮುಂದೆ ಶಿವಣ್ಣ ತುಮಕೂರಿನ ಬಳಿಯ ನಾಗವಲ್ಲಿಯಲ್ಲಿ ಅಕ್ಕನ ಆಸರೆಯಲ್ಲಿದ್ದು ಓದಿದರು. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಮರುವರ್ಷ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. ಅಲ್ಲಿ ಅವರಿಗೆ ನೆಲೆಯಾದದ್ದು ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿ ನಿಲಯ.

ಮುಂದೆ ಸಹಸ್ರಾರು ಮಕ್ಕಳಿಗೆ ತಾಯಿಯಾಗಬೇಕಾದವರು ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡವರು. ಓದಿನ ಸಲುವಾಗಿ ಹುಟ್ಟಿದೂರನ್ನು ಬಿಟ್ಟು, ಮೊದಲು ಬಂಧುಗಳ ಮನೆಯಲ್ಲಿ, ಬಳಿಕ ಧರ್ಮದ ನೆರಳಿನಲ್ಲಿ ಬೆಳೆದವರು. ಮಠದ ಮಕ್ಕಳ ಕಷ್ಟ ಅವರಿಗೆ ಕೇಳಿ ತಿಳಿದ ಸಂಗತಿಯಾಗಿರಲಿಲ್ಲ.

ವಾರಾನ್ನದ ಕಾಲ

ಅಂದಿನ ಮೈಸೂರು ಸೀಮೆಯಲ್ಲಿ ಹಳ್ಳಿಯ ಬಡ ಹುಡುಗನೊಬ್ಬ ಪಟ್ಟಣದಲ್ಲಿ ಓದಬೇಕಾದರೆ ಊಟ ಮತ್ತು ವಸತಿಯೇ ದೊಡ್ಡ ತೊಡಕಾಗಿತ್ತು. ಶಾಲೆಯ ಶುಲ್ಕಕ್ಕಿಂತ ಹೊಟ್ಟೆಯ ಚಿಂತೆಯೇ ಹೆಚ್ಚು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಓದಿದವರು ಎಷ್ಟೋ ಮಂದಿ. ಉದಾರಿಗಳ ಮನೆಯಾದರೂ ದಿನವೂ ಬೇರೆ ಬಾಗಿಲಲ್ಲಿ ನಿಲ್ಲುವ ಮಗುವಿನ ಮನಸ್ಸು ಕುಗ್ಗುವುದು ಸಹಜ. ವಾರಾನ್ನಕ್ಕೆ ಜಾತಿಯ ಎಲ್ಲೆಯೂ ಇತ್ತು.

ಈ ಕೊರತೆಯನ್ನು ಮೊದಲು ಕಂಡವರಲ್ಲಿ ಗುಬ್ಬಿ ತೋಟದಪ್ಪನವರು ಒಬ್ಬರು. ವರ್ತಕರಾಗಿದ್ದ ಅವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪ 1903ರಲ್ಲಿ ಧರ್ಮಛತ್ರವನ್ನು ತೆರೆದರು. ವಿದ್ಯಾರ್ಥಿಗಳಿಗೂ ಉಚಿತ ನಿಲಯವನ್ನು ಏರ್ಪಡಿಸಿ, ತಮ್ಮ ಸಂಪತ್ತನ್ನೆಲ್ಲ ಅದಕ್ಕೆ ಮುಡಿಪಿಟ್ಟು 1910ರಲ್ಲಿ ಲಿಂಗೈಕ್ಯರಾದರು. ಚಿತ್ರದುರ್ಗದ ಶ್ರೀ ಜಯದೇವ ಜಗದ್ಗುರುಗಳು ನಾಡಿನ ಹಲವು ಪಟ್ಟಣಗಳಲ್ಲಿ ವಿದ್ಯಾರ್ಥಿ ನಿಲಯಗಳನ್ನು ಸ್ಥಾಪಿಸಿದರು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಇದೇ ಹಾದಿಯನ್ನು ಹಿಡಿದರು. ಹೀಗೆ ಮಠಗಳ ದಾಸೋಹವು 20ನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಸಾದ ನಿಲಯಗಳ ರೂಪವನ್ನು ತಾಳಿತು.

ಸಿದ್ಧಗಂಗೆಯ ಹೊಣೆ

ತುಮಕೂರಿನ ಸಮೀಪದ ಸಿದ್ಧಗಂಗಾ ಕ್ಷೇತ್ರದಲ್ಲಿ ಶ್ರೀ ಅಟವೀ ಶಿವಯೋಗಿಗಳು ಹಚ್ಚಿದ ದಾಸೋಹದ ಒಲೆ ಆರಿಲ್ಲವೆಂಬುದು ಭಕ್ತರ ನಂಬಿಕೆ. 1901ರಲ್ಲಿ ಪೀಠವನ್ನೇರಿದ ಶ್ರೀ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದರು. ದಾಸೋಹದ ಪಕ್ಕದಲ್ಲಿ ಪಾಠಶಾಲೆ ನಿಂತೊಡನೆ ಮಠದ ಕೆಲಸದ ಸ್ವರೂಪವೇ ಬದಲಾಯಿತು. ಯಾತ್ರಿಕನು ಉಂಡು ಮುಂದಕ್ಕೆ ಹೋಗುತ್ತಾನೆ, ವಿದ್ಯಾರ್ಥಿಯು ಉಂಡು ಅಲ್ಲಿಯೇ ಉಳಿಯುತ್ತಾನೆ. ಅವನಿಗೆ ಜ್ವರ ಬಂದರೆ, ಬಟ್ಟೆ ಹರಿದರೆ, ಊರಿನ ನೆನಪಾದರೆ ನೋಡಿಕೊಳ್ಳುವವರು ಬೇಕು.

ಮಠದ ಉತ್ತರಾಧಿಕಾರಿಗಳಾಗಿದ್ದ ಶ್ರೀ ಮರುಳಾರಾಧ್ಯರು 1930ರಲ್ಲಿ ಲಿಂಗೈಕ್ಯರಾದಾಗ, ಉದ್ದಾನ ಶಿವಯೋಗಿಗಳ ದೃಷ್ಟಿ ಕಾಲೇಜು ವಿದ್ಯಾರ್ಥಿಯಾಗಿದ್ದ ಶಿವಣ್ಣನವರ ಮೇಲೆ ಬಿದ್ದಿತು. ಆ ವರ್ಷದ ಮಾರ್ಚ್ 3ರಂದು ಅವರು ವಿರಕ್ತಾಶ್ರಮವನ್ನು ಸ್ವೀಕರಿಸಿ ಶ್ರೀ ಶಿವಕುಮಾರ ಸ್ವಾಮಿಗಳಾದರು. ಉದ್ದಾನ ಶಿವಯೋಗಿಗಳು 1941ರ ಜನವರಿಯಲ್ಲಿ ಲಿಂಗೈಕ್ಯರಾದ ಬಳಿಕ ಮಠದ ಸಂಪೂರ್ಣ ಹೊಣೆ ಅವರ ಹೆಗಲೇರಿತು. ಮಠದ ಆದಾಯ ಅಲ್ಪ, ಬರುವ ಮಕ್ಕಳು ಅಧಿಕ, ಮೇಲಿಂದ ಮೇಲೆ ಮಳೆ ಕೈಕೊಡುವ ಸೀಮೆ. ಪೂಜ್ಯರು ಹಳ್ಳಿ ಹಳ್ಳಿಗಳಲ್ಲಿ ಭಿಕ್ಷಾಟನೆ ಮಾಡಿ ರಾಗಿ, ಭತ್ತ, ಬೇಳೆಗಳನ್ನು ಮಠಕ್ಕೆ ತಂದರು. ರೈತರು ಕಣದಲ್ಲಿಯೇ ಮಠದ ಪಾಲನ್ನು ತೆಗೆದಿಡುವುದು, ತೋಟದ ತರಕಾರಿ, ತೆಂಗಿನಕಾಯಿ, ಸೌದೆಗಳನ್ನು ಕಳುಹಿಸುವುದು ಒಂದು ಪದ್ಧತಿಯಾಯಿತು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಾಗುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಆಕೆ ಅದನ್ನು ಆಸೆಯೆಂದು ತಿಳಿದು ಹಿಂದಿರುಗಿಸಲು ಹೇಳಿದರು. ಅಂದಿನ ಕಾಯಕ ಅಂದಿನ ದಾಸೋಹಕ್ಕೆ ಎಂಬುದು ಆಕೆಯ ನಿಲುವು. ಆದರೆ ಮಕ್ಕಳ ನಿಲಯವನ್ನು ನಡೆಸುವವರಿಗೆ ಈ ನಿಲುವು ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ನಾಳೆಯೂ ಹಸಿಯುವ ಮಕ್ಕಳಿರುವಾಗ ಉಗ್ರಾಣ ತುಂಬಿಸದೆ ಇರಲಾದೀತೇ? ಲಕ್ಕಮ್ಮನವರು ತಡೆದದ್ದು ತನಗಾಗಿ ಕೂಡಿಡುವ ಆಸೆಯನ್ನು. ಮಠದ ಉಗ್ರಾಣದಲ್ಲಿರುವ ಧಾನ್ಯ ಮಕ್ಕಳ ಸೊತ್ತು, ಸ್ವಾಮಿಗಳು ಅದರ ಕಾವಲುಗಾರರು. ಸಾವಿರಾರು ಮಕ್ಕಳಿಗೆ ಪ್ರಸಾದ ಬಡಿಸುತ್ತಿದ್ದ ಪೂಜ್ಯರ ಸ್ವಂತ ಆಹಾರ ಅತ್ಯಲ್ಪವಾಗಿತ್ತೆಂಬುದನ್ನು ನೋಡಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ.

ಎಳೆಯರ ನಿಲಯ

ದೊಡ್ಡ ಹುಡುಗರ ನಿಲಯಕ್ಕೂ ಎಳೆಯರ ನಿಲಯಕ್ಕೂ ಬಹಳ ವ್ಯತ್ಯಾಸವಿದೆ. ಕಾಲೇಜು ವಿದ್ಯಾರ್ಥಿಗೆ ಕೊಠಡಿ, ದೀಪ, ಊಟಗಳಿದ್ದರೆ ನಡೆದೀತು. ಮೂರನೆಯ ನಾಲ್ಕನೆಯ ತರಗತಿಯ ಮಗುವಿಗೆ ಬಟ್ಟೆ ಒಗೆದುಕೊಳ್ಳುವುದನ್ನು ಕಲಿಸಬೇಕು, ತಲೆಗೆ ಎಣ್ಣೆ ಹಚ್ಚಿಸಬೇಕು, ಕೈಬೆರಳ ಸಂದಿಯ ಕಜ್ಜಿಯನ್ನು ಗಮನಿಸಬೇಕು. ಒಬ್ಬನಿಗೆ ಹತ್ತಿದ ಕಣ್ಣುಬೇನೆ ಮೂರು ದಿನಗಳಲ್ಲಿ ಕೊಠಡಿಗೆಲ್ಲ ಹರಡುತ್ತದೆ. ಹಾಸಿಗೆ ಒದ್ದೆ ಮಾಡಿಕೊಂಡ ಮಗುವಿಗೆ ಇತರರೆದುರು ಅವಮಾನವಾಗದಂತೆ ನೋಡಿಕೊಳ್ಳಬೇಕು. ಮಾತಾಡದೆ ಮೂಲೆಯಲ್ಲಿ ಕುಳಿತ ಮಗುವನ್ನು ಗುರುತಿಸಬೇಕು. ಜೂನ್ ತಿಂಗಳ ಮೊದಲ ವಾರಗಳಲ್ಲಿ, ಕಬ್ಬಿಣದ ಟ್ರಂಕನ್ನು ಇಳಿಸಿ ತಂದೆತಾಯಿಗಳು ಬಸ್ಸು ಹತ್ತಿದ ಮೇಲೆ, ಅಳು ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ. ನಿಲಯಪಾಲಕನಿಗೆ ಆ ದಿನಗಳೇ ಅತಿ ಕಠಿಣವಾದವು.

ಈ ಅಳುವಿಗೆ ಮಠಗಳು ಕಂಡುಕೊಂಡ ಮದ್ದು ನಿತ್ಯದ ನಡೆ. ಸಿದ್ಧಗಂಗೆಯಲ್ಲಿ ಬೆಳಗು ಮತ್ತು ಸಂಜೆ ಮಕ್ಕಳೆಲ್ಲ ಬಯಲಿನಲ್ಲಿ ಸಾಲಾಗಿ ಕುಳಿತು ಸಾಮೂಹಿಕ ಪ್ರಾರ್ಥನೆ ಮಾಡುತ್ತಾರೆ. ಇಷ್ಟು ಹೊತ್ತಿಗೆ ಪ್ರಾರ್ಥನೆ, ಇಷ್ಟು ಹೊತ್ತಿಗೆ ಪ್ರಸಾದ, ಇಷ್ಟು ಹೊತ್ತಿಗೆ ಪಾಠ ಎಂದು ತಿಳಿದ ಮಗುವಿನಲ್ಲಿ ಭಯ ಕಡಿಮೆಯಾಗುತ್ತದೆ. ತನ್ನ ತಟ್ಟೆ ಲೋಟಗಳನ್ನು ತಾನೇ ತೊಳೆದಿಡುವ ಮಗು ಕ್ರಮೇಣ ಆ ಸ್ಥಳವನ್ನು ತನ್ನದೆಂದು ಭಾವಿಸುತ್ತದೆ. ಹಿರಿಯ ಹುಡುಗರು ಕಿರಿಯರ ಕೈಹಿಡಿದು ನಡೆಸುವ ರೂಢಿ ಇದ್ದಲ್ಲಿ ನಿಲಯ ಮನೆಯಾಗುತ್ತದೆ. ಅದೇ ಹಿರಿತನ ದಬ್ಬಾಳಿಕೆಯಾದಲ್ಲಿ ಅದೇ ಕಟ್ಟಡ ಸೆರೆಮನೆಯಾಗುತ್ತದೆ. ಆದುದರಿಂದಲೇ ಹಿರಿಯರ ಕಣ್ಣು ಅಲ್ಲಿ ಸದಾ ಇರಬೇಕು. ಶಿವಕುಮಾರ ಶ್ರೀಗಳು ಇಳಿವಯಸ್ಸಿನಲ್ಲಿಯೂ ಮಕ್ಕಳ ಪ್ರಾರ್ಥನೆಗೆ ಬಂದು ಕುಳಿತುಕೊಳ್ಳುತ್ತಿದ್ದುದರ ಮಹತ್ವ ಇದು. ನೂರು ವರ್ಷ ದಾಟಿದ ಅಜ್ಜ ತಮ್ಮನ್ನು ನೋಡುತ್ತಿದ್ದಾರೆಂಬ ಭಾವನೆಯೇ ಮಕ್ಕಳಿಗೆ ಆಶ್ರಯವಾಗಿತ್ತು.

ಸಂಖ್ಯೆ ಬೆಳೆದಂತೆ ಈ ಕೆಲಸ ಕಠಿಣವಾಗುತ್ತದೆ. ಪೂಜ್ಯರ ಕೊನೆಯ ವರ್ಷಗಳಲ್ಲಿ ಮಠದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಮೂರು ಹೊತ್ತಿಗೆ ಲೆಕ್ಕ ಹಾಕಿದರೆ ದಿನಕ್ಕೆ 24,000 ತಟ್ಟೆಗಳಿಗೆ ಬಡಿಸಬೇಕು. ದೊಡ್ಡ ಕೊಪ್ಪರಿಗೆಗಳೂ ಯಂತ್ರಗಳೂ ಅನ್ನವನ್ನು ಬೇಯಿಸಿಕೊಟ್ಟಾವು. ಎಂಟು ಸಾವಿರದಲ್ಲಿ ಒಬ್ಬನ ಮುಖ ಬಾಡಿದೆಯೆಂದು ಕಾಣುವ ಯಂತ್ರವಿಲ್ಲ.

ಒಂದೇ ಪಂಕ್ತಿ

ಸಿದ್ಧಗಂಗೆಯ ನಿಲಯಕ್ಕೆ ಜಾತಿಮತಗಳ ಎಲ್ಲೆ ಇಲ್ಲ. ಎಲ್ಲ ಸಮುದಾಯಗಳ ಮಕ್ಕಳು, ಮುಸ್ಲಿಂ ಬಾಲಕರೂ ಸೇರಿದಂತೆ, ಅಲ್ಲಿ ಕೂಡಿ ಉಂಡು ಓದಿದ್ದಾರೆ. ಅನುಭವ ಮಂಟಪದ ಸಮಾನತೆಯ ವ್ಯಾಖ್ಯಾನವನ್ನು ಗ್ರಂಥಗಳಲ್ಲಿ ಓದಬಹುದು. ಆದರೆ ಎಂಟರ ವಯಸ್ಸಿನಲ್ಲಿ ಪಕ್ಕದ ಹುಡುಗನ ಜಾತಿ ಕೇಳದೆ ರಾಗಿಮುದ್ದೆ ಮುರಿದು ಉಂಡವನಿಗೆ ಆ ವ್ಯಾಖ್ಯಾನ ಬೇಕಾಗುವುದಿಲ್ಲ. ವಾರಾನ್ನದ ಕಾಲದಲ್ಲಿ ಬಾಗಿಲ ಬಾಗಿಲಿಗೂ ಇದ್ದ ಜಾತಿಯ ಪ್ರಶ್ನೆ ಈ ಪಂಕ್ತಿಯಲ್ಲಿ ಅಳಿಸಿಹೋಯಿತು.

ಈ ಪರಂಪರೆಗೆ ರಾಮನಗರ ಸೀಮೆಯ ಕಾಣಿಕೆ ಒಂದೇ ಅಲ್ಲ. ಬಿಡದಿ ಬಳಿಯ ಬಾನಂದೂರಿನಲ್ಲಿ 1945ರಲ್ಲಿ ಜನಿಸಿ, 1974ರಲ್ಲಿ ಆದಿಚುಂಚನಗಿರಿ ಪೀಠವನ್ನೇರಿದ ಶ್ರೀ ಬಾಲಗಂಗಾಧರನಾಥ ಸ್ವಾಮಿಗಳೂ ಹಳ್ಳಿಯ ಮಕ್ಕಳಿಗಾಗಿ ಶಾಲೆ ಮತ್ತು ನಿಲಯಗಳನ್ನು ಕಟ್ಟಿದರು. ಸಿದ್ಧಗಂಗೆಯ ಈಗಿನ ಅಧ್ಯಕ್ಷರಾದ ಶ್ರೀ ಸಿದ್ಧಲಿಂಗ ಸ್ವಾಮಿಗಳೂ ಮಾಗಡಿ ತಾಲ್ಲೂಕಿನವರೇ. ಪರಂಪರೆಗಳು ಬೇರೆಯಾದರೂ ಹಸಿದ ಮಗುವಿನ ಮುಂದೆ ಅವು ಒಂದೇ ಹಾದಿಯಲ್ಲಿ ನಡೆದವು.

ಇಂದಿನ ಪ್ರಶ್ನೆ

ಈಗ ಕಾಲ ಬದಲಾಗಿದೆ. ಸರ್ಕಾರವೇ ವಸತಿ ಶಾಲೆಗಳನ್ನೂ ವಿದ್ಯಾರ್ಥಿ ನಿಲಯಗಳನ್ನೂ ನಡೆಸುತ್ತಿದೆ. 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂಬ ಶರಣರ ಪದವೇ ಹೆಸರಾಗಿದೆ. ಶುಲ್ಕ ಪಡೆಯುವ ಖಾಸಗಿ ವಸತಿ ಶಾಲೆಗಳು ಬೆಂಗಳೂರಿನ ಸುತ್ತ ಎದ್ದಿವೆ. ಹೀಗಿರುವಾಗ ಮಠದ ನಿಲಯ ಇನ್ನೂ ಏಕೆ ಎಂದು ಕೆಲವರು ಕೇಳಬಹುದು. ಮನೆಯಿಂದ ದೂರವಾದ ಮಗುವಿನ ರಾತ್ರಿ ಮಾತ್ರ ಬದಲಾಗಿಲ್ಲ. ಶುಲ್ಕ ತೆತ್ತ ಮನೆಯ ಮಗುವೂ ಅಳುತ್ತದೆ, ಉಚಿತವಾಗಿ ಸೇರಿದ ಮಗುವೂ ಅಳುತ್ತದೆ. ತಾನು ದಾನಿಯೆಂಬ ಭಾವದಿಂದ ಸಾಕಿದರೆ ಮಗು ಋಣದ ಭಾರದಲ್ಲಿ ಬೆಳೆಯುತ್ತದೆ. ತಾನು ದಾಸನೆಂಬ ಭಾವದಿಂದ ಸಾಕಿದರೆ ತಲೆಯೆತ್ತಿ ಬೆಳೆಯುತ್ತದೆ. ದಾಸೋಹವೆಂಬ ಪದದಲ್ಲಿಯೇ ಈ ಉತ್ತರ ಅಡಗಿದೆ.

2019ರ ಜನವರಿ 21ರ ಬೆಳಿಗ್ಗೆ 11.44ಕ್ಕೆ, 111ನೆಯ ವಯಸ್ಸಿನಲ್ಲಿ, ಪೂಜ್ಯರು ಲಿಂಗೈಕ್ಯರಾದರು. ತಮ್ಮ ಅಗಲಿಕೆಯ ಸುದ್ದಿಯಿಂದ ಮಕ್ಕಳು ಉಪವಾಸವಿರಬಾರದು, ಅವರ ಊಟ ಮುಗಿದ ಮೇಲೆಯೇ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತು. ಅದರಂತೆ ಆ ಮಧ್ಯಾಹ್ನ ಮಕ್ಕಳ ಪ್ರಸಾದ ಮುಗಿದ ಬಳಿಕವೇ ನಾಡಿಗೆ ಸುದ್ದಿ ತಿಳಿಯಿತು. ಎಂಟರ ವಯಸ್ಸಿನಲ್ಲಿ ತಾಯಿಯ ಅಗಲಿಕೆಯನ್ನು ಕಂಡ ವೀರಾಪುರದ ಬಾಲಕ, ತನ್ನ ಅಗಲಿಕೆ ಯಾವ ಮಗುವಿನ ತುತ್ತಿಗೂ ಅಡ್ಡಿಯಾಗಬಾರದೆಂದು ಎಚ್ಚರ ವಹಿಸಿದ್ದರು.

ಭಕ್ತರು ಮಠಕ್ಕೆ ಧಾನ್ಯ ತರುವಾಗ, ಕಾಣಿಕೆ ಸಲ್ಲಿಸುವಾಗ, ಸ್ವಲ್ಪ ಹೊತ್ತು ಎಳೆಯರ ನಿಲಯದ ಕಡೆಗೂ ಹೋಗಿಬರಲಿ. ಅಲ್ಲಿ ಸುಮ್ಮನೆ ಕುಳಿತ ಮಗುವಿನ ಹೆಸರು, ಊರು ಕೇಳಲಿ. ಮೂರನೆಯ ದಾಸೋಹಕ್ಕೆ ಅದೂ ಒಂದು ಸೇವೆ.