ಐರ್ಲೆಂಡಿನ ಮಂತ್ರಿಗಳೂ ಅವರ ಉತ್ತರದಾಯಿತ್ವವೂ

ಮಂತ್ರಿಯಾದವನು ಪ್ರಜಾಪ್ರತಿನಿಧಿಗಳಿಗೆ ಎಷ್ಟರಮಟ್ಟಿಗೆ ಉತ್ತರ ಹೇಳಬೇಕಾದವನು ಎಂಬ ಪ್ರಶ್ನೆಯನ್ನು ಸ್ವತಂತ್ರ ಐರ್ಲೆಂಡು ಮೊದಲಿಗೆ ಬಹು ಸರಳವಾಗಿ ಬಗೆಹರಿಸಿತು. 1924ರ ಮಂತ್ರಿಗಳ ಮತ್ತು ಕಾರ್ಯದರ್ಶಿಗಳ ಶಾಸನವು ಇಲಾಖೆಯ ಸಮಸ್ತ ವ್ಯವಹಾರವನ್ನೂ ಮಂತ್ರಿಯೊಬ್ಬನ ಹೆಸರಿನಲ್ಲಿ ಅಡಕಗೊಳಿಸಿ, ಗುಮಾಸ್ತನ ಲೇಖನಿಯಿಂದ ಹೊರಟ ಆಜ್ಞೆಯೂ ಮಂತ್ರಿಯ ಆಜ್ಞೆಯೇ ಎಂದು ಗಣಿಸಿತು. 1937ರ ಸಂವಿಧಾನ (ನಮ್ಮ ಸಂವಿಧಾನಕರ್ತರು ನಿರ್ದೇಶಕ ತತ್ತ್ವಗಳ ಮಾದರಿಯನ್ನು ಪಡೆದದ್ದು ಇದರಿಂದಲೇ) ಸರ್ಕಾರವು ಡಾಯ್ಲ್ ಎಂಬ ಕೆಳಮನೆಗೆ ಹೊಣೆಯಾಗಿರತಕ್ಕದ್ದೆಂದು ಸಾರಿತು. ಆದರೆ ಕಾಲಾನುಕ್ರಮದಲ್ಲಿ ನಿರ್ಣಯಾಧಿಕಾರವು ಮಂಡಲಿಗಳಿಗೂ ಪ್ರಾಧಿಕಾರಗಳಿಗೂ ಹಂಚಿಹೋಯಿತು. ಪ್ರಶ್ನೆ ಮಾತ್ರ ಮಂತ್ರಿಯ ಬಾಗಿಲಲ್ಲಿಯೇ ನಿಂತಿತು. ಸಭೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ನೇರವಾದ ಉತ್ತರ ದೊರೆತಿದ್ದಲ್ಲಿ ತಮ್ಮ ವಿಚಾರಣೆಯೇ ಬೇಕಾಗುತ್ತಿರಲಿಲ್ಲವೆಂಬ ಭಾವವನ್ನು ಗೋಮಾಂಸ ವ್ಯಾಪಾರದ ಹಗರಣವನ್ನು ಶೋಧಿಸಿದ ನ್ಯಾಯಮೂರ್ತಿ ಲಿಯಾಮ್ ಹ್ಯಾಮಿಲ್ಟನ್ ವ್ಯಕ್ತಪಡಿಸಿದ್ದು ಅಕಾರಣವಾಗಿಯೇನೂ ಅಲ್ಲ.

ಗಡಿ ದಾಟುವ ತೆರಿಗೆಯ ವಿಷಯದಲ್ಲಿ ಈ ಉತ್ತರದಾಯಿತ್ವವು ಒಮ್ಮೆ ಉಜ್ಜ್ವಲವಾಗಿ ಬೆಳಗಿತು. ಪರದೇಶವಾಸಿಗಳೆಂದು ಸುಳ್ಳು ಬರೆದುಕೊಟ್ಟು ಸ್ವದೇಶದ ಠೇವಣಿದಾರರೇ ಬಡ್ಡಿಯ ಮೇಲಣ ತೆರಿಗೆಯನ್ನು ತಪ್ಪಿಸುತ್ತಿದ್ದುದನ್ನು 1999ರಲ್ಲಿ ಜಿಮ್ ಮಿಚೆಲ್ಲರ ನೇತೃತ್ವದ ಸಂಸದೀಯ ಉಪಸಮಿತಿಯು ಬ್ಯಾಂಕರುಗಳನ್ನೂ ಅಧಿಕಾರಿಗಳನ್ನೂ ಎದುರಿಗೆ ಕೂರಿಸಿಕೊಂಡು ಬಯಲಿಗೆಳೆಯಿತು. ದುರ್ದೈವದಿಂದ ಆ ಪ್ರಭೆ ಬಹುಕಾಲ ಉಳಿಯಲಿಲ್ಲ. ವ್ಯಕ್ತಿಗಳ ಮೇಲೆ ದೋಷಾರೋಪದ ತೀರ್ಮಾನ ಕೊಡುವ ವಿಚಾರಣೆಗಳಿಗೆ ಸಂಸತ್ತಿನ ಸಮಿತಿಗಳಿಗೆ ಅಧಿಕಾರವಿಲ್ಲವೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ಅಧಿಕಾರವನ್ನು ಕೊಡಹೊರಟ ತಿದ್ದುಪಡಿಯನ್ನು 2011ರಲ್ಲಿ ಜನರೇ ತಿರಸ್ಕರಿಸಿದರು. ಡೊನಿಗಾಲ್‌ನಲ್ಲಿ ಮನೆಮಾಡಿಕೊಂಡು ಗಡಿಯಾಚೆಯ ಡೆರ್‍ರಿಯಲ್ಲಿ ದುಡಿಯುವ ಸಾಮಾನ್ಯನ ಅಳಲಾದರೋ ಇದಕ್ಕಿಂತ ಚಿಕ್ಕದು, ಆದರೆ ದೀರ್ಘವಾದದ್ದು. ಬ್ರಿಟನ್ನಿನೊಡನೆ 1976ರಲ್ಲಿ ಆದ ತೆರಿಗೆ ಒಪ್ಪಂದದ ಮೇಲೆ 1998ರ ಹಣಕಾಸು ಶಾಸನವು ಅವನಿಗೆ ರಿಯಾಯಿತಿಯಿತ್ತಿತು. ಕೆಲಸವು ಗಡಿಯಾಚೆಯೇ ನಡೆಯಬೇಕೆಂಬ ನಿಬಂಧನೆಯೂ ಅದರೊಡನಿತ್ತು. ಕೋವಿಡ್ ಮಹಾಮಾರಿಯ ಕಾಲದಲ್ಲಿ ಮನೆಯಲ್ಲಿ ಕುಳಿತು ದುಡಿದವರಿಗೆ ಈ ನಿಬಂಧನೆಯೇ ಮುಳುವಾಗಿ, ತಾತ್ಕಾಲಿಕ ವಿನಾಯಿತಿಯನ್ನು ಕೊಡಬೇಕಾಗಿ ಬಂದಿತು.

ಈ ಉತ್ತರದಾಯಿತ್ವಕ್ಕೆ ಮತ್ತೊಂದು ನಿದರ್ಶನವಾದ ಪದವೀಧರರ ವೇತನದ ಕಥೆ ಹೆಚ್ಚು ವಿಸ್ತಾರವನ್ನು ಬೇಡುವುದಿಲ್ಲ. ಆರ್ಥಿಕ ಕುಸಿತದ ಬಳಿಕ, 2011ರ ಆರಂಭದಿಂದ ಸರ್ಕಾರಿ ಸೇವೆಗೆ ಹೊಸದಾಗಿ ಸೇರುವವರ ವೇತನಶ್ರೇಣಿಯನ್ನು ಶೇಕಡ 10ರಷ್ಟು ಇಳಿಸಲಾಯಿತು. ನೂತನ ಪದವೀಧರ ದಾದಿಯರಿಗೆ ಶೇಕಡ 80ರ ವೇತನವೆಂಬ ಯೋಜನೆ ಹೊರಟಾಗ ದಾದಿಯರ ಸಂಘ ಅದನ್ನು ಬಹಿಷ್ಕರಿಸಿತು. 2013ರ ಒಪ್ಪಂದ ಆ ಪ್ರಮಾಣವನ್ನು ಕೊಂಚ ಏರಿಸಿತು. ಕಡಿತ ಮಾಡಿದವರಾರೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಉತ್ತರ ಕೇಳಬೇಕಾದವರನ್ನು ಹುಡುಕಬೇಕಾಗಿರಲಿಲ್ಲ.

ಮೀನುಸಾಕಣೆಯಲ್ಲಿ ಹಾಗಲ್ಲ. ಪಶ್ಚಿಮ ತೀರದ ಕೊಲ್ಲಿಗಳಲ್ಲಿ ಸಾಲ್ಮನ್ ಮೀನಿನ ಪಂಜರಗಳು ಹೆಚ್ಚಿದ ಹೊತ್ತಿನಲ್ಲಿಯೇ, 1980ರ ದಶಕದ ಕೊನೆಗೆ, ಕಡಲ ಟ್ರೌಟುಗಳ ಸಂತತಿ ಕುಸಿಯಲು, ಪಂಜರಗಳಿಂದ ಹಬ್ಬುವ ಹೇನುಗಳೇ ಕಾರಣವೆಂಬ ವಿವಾದ ಎದ್ದಿತು. 1997ರ ಶಾಸನ ಪರವಾನಗಿಯನ್ನು ಮಂತ್ರಿಯ ಕೈಯಲ್ಲಿರಿಸಿ, ಮೇಲ್ಮನವಿಯನ್ನು ಸ್ವತಂತ್ರ ಮಂಡಲಿಯೊಂದಕ್ಕೆ ಒಪ್ಪಿಸಿತು. ಸಂರಕ್ಷಿತ ಜಲಪ್ರದೇಶಗಳಲ್ಲಿ ಪರಿಸರಪರೀಕ್ಷೆ ಸಾಲದಾಗಿದೆಯೆಂದು 2007ರಲ್ಲಿ ಐರೋಪ್ಯ ನ್ಯಾಯಾಲಯ ನುಡಿದ ಮೇಲೆ ಒಂದೊಂದು ಕೊಲ್ಲಿಯ ಅಧ್ಯಯನವೂ ಮುಗಿಯುವ ತನಕ ಅರ್ಜಿಗಳು ವರ್ಷಗಟ್ಟಲೆ ಕೊಳೆತುಬಿದ್ದವು. ನವೀಕರಣ ಬೇಡಿದವರು ಅವಧಿ ಮೀರಿದ ಪರವಾನಗಿಯ ಬಲದಿಂದಲೇ ಸಾಕಣೆ ಮುಂದುವರಿಸಿದರು. ಡಾಯ್ಲ್‌ನಲ್ಲಿ ಕೇಳಿದವರಿಗೆ ಅರ್ಜಿ ಪರಿಶೀಲನೆಯಲ್ಲಿರುವುದರಿಂದ ಏನನ್ನೂ ಹೇಳುವುದು ಉಚಿತವಲ್ಲವೆಂಬ ಉತ್ತರ ಬರುತ್ತಿತ್ತು. ಕಾನೂನಿನ ದೃಷ್ಟಿಯಿಂದ ಇದು ನಿರ್ದುಷ್ಟ, ಪ್ರಜೆಯ ದೃಷ್ಟಿಯಿಂದ ಶೂನ್ಯ. 2012ರಲ್ಲಿ ಗಾಲ್ವೇ ಕೊಲ್ಲಿಯಲ್ಲಿ 15,000 ಟನ್ನುಗಳ ಸಾಲ್ಮನ್ ಸಾಕಣೆಗೆ ಅರ್ಜಿ ಹಾಕಿದ್ದು ಸರ್ಕಾರದ್ದೇ ಆದ ಮೀನುಗಾರಿಕಾ ಮಂಡಲಿ; ತೀರ್ಪು ಕೊಡಬೇಕಾಗಿದ್ದುದು ಅದರ ಮಾತೃ ಇಲಾಖೆ! ತೀವ್ರ ವಿರೋಧದ ನಡುವೆ 2015ರಲ್ಲಿ ಆ ಅರ್ಜಿಯನ್ನು ಹಿಂತೆಗೆದುಕೊಳ್ಳಲಾಯಿತು. 2017ರ ಸ್ವತಂತ್ರ ಪರಿಶೀಲನಾ ಸಮಿತಿಯು ಇಡೀ ಕ್ರಮಕ್ಕೆ ಮೂಲಭೂತ ಸುಧಾರಣೆಯನ್ನೇ ಸೂಚಿಸಿತು. ಆದರೂ ಈ ಉದ್ಯಮಕ್ಕೆ ಪ್ರೋತ್ಸಾಹಕನೂ ಪರವಾನಗಿದಾತನೂ ಒಂದೇ ಇಲಾಖೆಯಾಗಿ ಉಳಿದಿದೆ.