ಕಿವಿಯೊಳಗಿನ ತಕ್ಕಡಿ

ಕಾಶಿಗೆ ಹೋದವರು ಮಾನಮಂದಿರ ಘಾಟನ್ನು ನೋಡಿರುತ್ತೀರಿ. ಅಲ್ಲಿನ ಅರಮನೆಯ ಮಾಳಿಗೆಯ ಮೇಲೆ ಸವಾಯಿ ಜಯಸಿಂಹ 18ನೆಯ ಶತಮಾನದಲ್ಲಿ ಕಟ್ಟಿಸಿದ ಖಗೋಳ ಯಂತ್ರಗಳಿವೆ. ಬರಿಗಣ್ಣಿಗೆ ಆಕಾಶದ ನಿಜವನ್ನು ಅಳೆದು ತೋರಿಸಲು ಹುಟ್ಟಿದವು ಅವು. ಅದೇ ಕಟ್ಟಡದಲ್ಲಿ 2019ರಲ್ಲಿ ತೆರೆದ ವರ್ಚುವಲ್ ವಸ್ತುಸಂಗ್ರಹಾಲಯದಲ್ಲಿ ಕಾಶಿಯ ಸಂಸ್ಕೃತಿಯನ್ನು ಬೆಳಕಿನ ಮಾಯೆಯಲ್ಲಿ ತೋರಿಸುತ್ತಾರೆ. ಕಣ್ಣನ್ನು ನಂಬಿಸುವುದು ಈಗ ಸುಲಭ. ಆದರೆ ಕಿವಿ ನಂಬಬೇಕಲ್ಲ!

ನಾವು ಕಾಶಿಗೆ ಹೋಗಿದ್ದಾಗ ನನ್ನ ತಾಯಿ ಬೆಳಿಗ್ಗೆ ಒಂದು ಗಂಟೆ ದೋಣಿಯಲ್ಲಿ ಕುಳಿತು ಘಾಟುಗಳನ್ನು ನೋಡಿ ಬಂದರು, ಏನೂ ಆಗಲಿಲ್ಲ. ಸಂಜೆ ತಂಗಿದ್ದ ಕೋಣೆಯಲ್ಲಿ ಅಕ್ಕನ ಮಗ ತನ್ನ ವರ್ಚುವಲ್ ರಿಯಾಲಿಟಿ ಕನ್ನಡಕವನ್ನು ಅಜ್ಜಿಯ ಕಣ್ಣಿಗೆ ಕಟ್ಟಿ ದೋಣಿಯ ದೃಶ್ಯವನ್ನೇ ತೋರಿಸಿದ. ಐದೇ ನಿಮಿಷಕ್ಕೆ, ಚಾಪೆಯ ಮೇಲೆ ಕುಳಿತಿದ್ದ ಅವರಿಗೆ ಹೊಟ್ಟೆ ತೊಳಸಿಬಂತು.

"ಮಾವ, ಕಿವಿಯ ಹಿಂದೆ ಬ್ಯಾಟರಿಯಿಂದ ಸ್ವಲ್ಪ ಕರೆಂಟು ಕೊಟ್ಟರೆ ಸರಿಹೋಗುತ್ತೆ. ನಾನೇ ಮಾಡ್ತೀನಿ" ಎಂದ ಹುಡುಗ.

ಅವನ ಮಾತು ಹುಚ್ಚಲ್ಲ. ಅದಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ವಿದ್ಯುತ್ಕೋಶವನ್ನು ಕಂಡುಹಿಡಿದ ಇಟಲಿಯ ವೋಲ್ಟಾ ತನ್ನ ಎರಡು ಕಿವಿಗಳಲ್ಲೂ ಲೋಹದ ಕಡ್ಡಿಗಳನ್ನಿಟ್ಟು ಪ್ರವಾಹ ಹಾಯಿಸಿಕೊಂಡ. ತಲೆಯೊಳಗೆ ಏಟು ಬಿದ್ದಂತಾಗಿ, ಏನೋ ಕುದಿಯುವಂಥ ಸದ್ದು ಕೇಳಿತಂತೆ. ಇದು ಅಪಾಯವಿರಬಹುದೆಂದು ಆತ ಮತ್ತೆ ಆ ಗೊಡವೆಗೆ ಹೋಗಲಿಲ್ಲವೆಂದು 1800ರ ಪತ್ರದಲ್ಲಿ ಬರೆದಿದ್ದಾನೆ. ತಲೆಗೆ ಪ್ರವಾಹ ಹಾಯಿಸಿದರೆ ತಲೆಸುತ್ತು ಬರುವುದನ್ನು 1820ರ ಸುಮಾರಿಗೆ ಪುರ್ಕಿಂಜೆ ಗಮನಿಸಿದ. ಒಳಗಿವಿಯ ಮೂರು ಅರ್ಧವರ್ತುಲ ನಾಳಗಳೇ ತಲೆಯ ತಿರುಗುವಿಕೆಯನ್ನು ಅರಿಯುತ್ತವೆಂದು 1873-74ರಲ್ಲಿ ಮಾಖ್, ಬ್ರಾಯರ್, ಕ್ರಮ್ ಬ್ರೌನ್ ಬೇರೆಬೇರೆಯಾಗಿ ತೋರಿಸಿಕೊಟ್ಟರು. ಈ ಅಂಗದ ಸಂಶೋಧನೆಗಾಗಿಯೇ ಬಾರಾನಿಗೆ 1914ರ ನೊಬೆಲ್ ಪ್ರಶಸ್ತಿ ಬಂದಿತು.

ದೋಣಿಯಲ್ಲಿ ಕಣ್ಣು, ಕಿವಿ ಎರಡೂ "ಚಲಿಸುತ್ತಿದ್ದೇವೆ" ಎನ್ನುತ್ತವೆ. ಚಾಪೆಯ ಮೇಲೆ ಕಣ್ಣು ಹೌದೆಂದರೆ ಕಿವಿ ಇಲ್ಲವೆನ್ನುತ್ತದೆ. ಈ ಜಗಳದ ಫಲವೇ ತಲೆಸುತ್ತು. ಕಿವಿಗಳ ಹಿಂದೆ ಒಂದು ಮಿಲಿಆಂಪಿಯರ್‌ನಷ್ಟು ಪ್ರವಾಹ ಹಾಯಿಸಿದರೆ ಒಂದು ಕಡೆಯ ನರ ಚುರುಕಾಗಿ, ಇನ್ನೊಂದು ಕಡೆಯದು ಮಂದವಾಗಿ, ನಿಂತವನು ಧನಾಗ್ರದ ಕಡೆಗೆ ವಾಲುತ್ತಾನೆ. ಜಪಾನಿನ ಸಂಶೋಧಕರು 2005ರಲ್ಲಿ ಇದನ್ನು ಪ್ರದರ್ಶಿಸಿದರು. 2016ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ಇಂಥದೇ ಪ್ರಾಯೋಗಿಕ ಹೆಡ್‌ಫೋನನ್ನು ತೋರಿಸಿತು.

ಹಾಗಾದರೆ ಮನೆಯಲ್ಲೇಕೆ ಮಾಡಬಾರದು? ಶಾಲೆಯಲ್ಲಿ ಕಲಿತ ಓಮ್‌ನ ನಿಯಮವೇ ಉತ್ತರ ಹೇಳುತ್ತದೆ. 9 ವೋಲ್ಟ್ ಬ್ಯಾಟರಿಗೆ 9,000 ಓಮ್ ತಡೆಯಿದ್ದರೆ ಹರಿಯುವುದು ಒಂದು ಮಿಲಿಆಂಪಿಯರ್. ಬೆವರಿನಿಂದ ಆ ತಡೆ 1,000 ಓಮ್‌ಗೆ ಇಳಿದರೆ ಒಂಬತ್ತು! ನೇರಪ್ರವಾಹಕ್ಕೆ ಚರ್ಮ ಸುಡುವುದೂ ಉಂಟು. ಪ್ರಯೋಗಶಾಲೆಯ ಉಪಕರಣ ಚರ್ಮದ ತಡೆ ಬದಲಾದರೂ ಪ್ರವಾಹವನ್ನು ಹಿಡಿತದಲ್ಲಿಡುತ್ತದೆ. ಮೂರ್ಛೆರೋಗಿಗಳನ್ನೂ ಪೇಸ್‌ಮೇಕರ್ ಇರುವವರನ್ನೂ ದೂರವಿಡುತ್ತಾರೆ. ಮನೆಯ ಬ್ಯಾಟರಿಗೆ ಆ ವಿವೇಕವೆಲ್ಲಿ?

ಊರಿಗೆ ಮರಳಿದ ಮೇಲೆ ಹುಡುಗನ ಕೈಗೆ ಮಲ್ಟಿಮೀಟರ್ ಕೊಟ್ಟು ಅವನ ಅಂಗೈಯ ತಡೆಯನ್ನು ಅಳೆಯಹೇಳಿದೆ: ಮೊದಲು ಒಣಗಿದ ಅಂಗೈ, ಆಮೇಲೆ ಉಪ್ಪುನೀರು ಸವರಿದ ಅಂಗೈ. ಅಂಕಿ ಸರ್ರನೆ ಇಳಿಯಿತು. ಅವನು ಮಾತಾಡದೆ ಬ್ಯಾಟರಿಯನ್ನು ಡಬ್ಬಿಗೆ ಹಾಕಿದ. ವೋಲ್ಟಾನೂ ಅದನ್ನೇ ತಾನೇ ಮಾಡಿದ್ದು?